ಅಡಿಟಿಪ್ಪಣಿಯ ಅಂಕೆ ಯಾವ ಮಾತಿಗೆ ಸಾಕ್ಷಿ?

ನಂಜನಗೂಡಿನ ಬಳಿ ಹರಿಯುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ಸೀಮೆಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಹೊರಟವರ ಮುಂದೆಯೂ ಎರಡು ಪ್ರವಾಹಗಳು ಕೂಡುತ್ತವೆ: ಎಡದಿಂದ ಬಲಕ್ಕೆ ಸಾಗುವ ಕನ್ನಡ ಶಾಸನಗಳು ಹಾಗೂ ಬಲದಿಂದ ಎಡಕ್ಕೆ ಸಾಗುವ ಪಾರ್ಸಿ ಬರಹಗಳು. ಬಿ. ಎಲ್. ರೈಸ್ ಅವರು 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 3ನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳು ಶ್ರೀರಂಗಪಟ್ಟಣದ ಜೊತೆಯಲ್ಲಿಯೇ ಸೇರಿವೆ. ನಂಜನಗೂಡು ತಾಲ್ಲೂಕಿನ ಕಳಲೆಯ ಲಕ್ಷ್ಮೀಕಾಂತ ದೇವಾಲಯದ ಬೆಳ್ಳಿ ಪಾತ್ರೆಗಳ ಮೇಲೆ ಅವು ಟಿಪ್ಪು ಸುಲ್ತಾನರ ಕೊಡುಗೆಯೆಂಬ ಬರಹವಿದೆ. ಶ್ರೀರಂಗಪಟ್ಟಣದ ಗುಂಬಜ್ ಮತ್ತು ಮಸ್ಜಿದೆ ಆಲಾದಲ್ಲಿ ಪಾರ್ಸಿ ಬರಹಗಳಿವೆ. ಇಂತಹ ಆಧಾರಗಳನ್ನು ಉಲ್ಲೇಖಿಸುವಾಗ ಲೇಖಕನು ಪುಟದ ಕೆಳಗೆ ಬರೆಯುವ ಅಡಿಟಿಪ್ಪಣಿಯೇ ಅವನ ಸಾಕ್ಷಿ. ಸುಲ್ತಾನರ ಕುರಿತ ಪ್ರತಿಯೊಂದು ಮಾತೂ ವಿವಾದಕ್ಕೊಳಗಾಗುವ ಈ ಕಾಲದಲ್ಲಿ, ಸಾಕ್ಷಿಯ ಅಂಕೆ ತಪ್ಪು ಮಾತಿನ ಪಕ್ಕದಲ್ಲಿ ನಿಂತರೆ ಸತ್ಯವೂ ಸಂಶಯಕ್ಕೀಡಾಗುತ್ತದೆ.

ಯಾರು ಯಾರಿಂದ ಕೇಳಿದರೆಂಬ ಸನದನ್ನು ಹದೀಸಿನೊಂದಿಗೆ ಕಾಪಾಡಿಕೊಂಡು ಬಂದ ಸಮುದಾಯಕ್ಕೆ ಈ ಎಚ್ಚರಿಕೆ ಹೊಸದಲ್ಲ. ಮದ್ರಸಾಗಳಲ್ಲಿ ಓದಲಾಗುವ ಹಳೆಯ ಕಿತಾಬುಗಳಲ್ಲಿ ಮತ್ನ್ ಪುಟದ ನಡುವೆ ಇರುತ್ತದೆ. ಹಾಶಿಯಾ ಅಂಚುಗಳಲ್ಲಿ ಸುತ್ತುವರಿದಿರುತ್ತದೆ. ಅವು ಬಹುತೇಕ ಕಲ್ಲಚ್ಚಿನಲ್ಲಿ ಮುದ್ರಿತವಾದವು. ಕಲ್ಲಚ್ಚಿನಲ್ಲಿ ಕಾತಿಬನ ಕೈಯೇ ಎಲ್ಲವನ್ನೂ ನಿರ್ಣಯಿಸುತ್ತಿತ್ತು. ಯಾವ ಅಂಕೆ ಯಾವ ಪದದ ಮೇಲೆ ಎಂಬುದನ್ನು ಅವನು ಅರ್ಥವರಿತು ಬರೆಯುತ್ತಿದ್ದನು. 1843ರ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲಿಯೇ ಹೊರಬಂದಿತು. ಮುಂದೆ ಕನ್ನಡವು ಅಚ್ಚುಮೊಳೆಗಳ ಕಡೆಗೆ ಸಾಗಿತು. ಉರ್ದುವಿನ ನಸ್ತಾಲೀಖ್ ಲಿಪಿಯಾದರೋ 1981ರಲ್ಲಿ ನೂರಿ ನಸ್ತಾಲೀಖ್ ಬರುವವರೆಗೂ ಬಹುಮಟ್ಟಿಗೆ ಕಾತಿಬನ ಲೇಖನಿಯನ್ನೇ ಅವಲಂಬಿಸಿತ್ತು.

ಗಣಕಯಂತ್ರವು ಎರಡು ಲಿಪಿಗಳನ್ನೂ ಒಂದೇ ಸಾಲಿಗೆ ತಂದಿತು. ಆದರೆ ಅದಕ್ಕೆ ಅರ್ಥ ತಿಳಿಯದು, ನಿಯಮ ಮಾತ್ರ ತಿಳಿಯುತ್ತದೆ. ಎರಡು ದಿಕ್ಕಿನ ಬರಹಗಳನ್ನು ಬೆರೆಸಿ ಜೋಡಿಸುವ ಬಗೆಯನ್ನು ಡೊನಾಲ್ಡ್ ಕನೂತ್ ಮತ್ತು ಪಿಯರ್ ಮೆಕೇ ಅವರು 1987ರಲ್ಲಿಯೇ ಚರ್ಚಿಸಿದ್ದರು. ಇಂದು ಯೂನಿಕೋಡ್‌ನ ದ್ವಿದಿಶಾ ನಿಯಮವೇ ಈ ಕೆಲಸವನ್ನು ನಡೆಸುತ್ತದೆ.

ಕನ್ನಡ ವಾಕ್ಯದ ಕೊನೆಯಲ್ಲಿ ಒಂದು ಅರಬಿ ನುಡಿಯಿದೆ, ಅದರ ಬಳಿಕ 1 ಎಂಬ ಟಿಪ್ಪಣಿ ಅಂಕೆಯಿದೆ ಎಂದು ಭಾವಿಸೋಣ. ಅರಬಿ ಅಕ್ಷರಗಳ ಬೆನ್ನಿಗೇ ಬಂದ ಅಂಕೆಯನ್ನು ಗಣಕವು ಅರಬಿಯ ಪ್ರವಾಹಕ್ಕೇ ಸೇರಿಸಿ ಅದರ ಎಡಬದಿಯಲ್ಲಿ ಇರಿಸುತ್ತದೆ. ಅರಬಿ ಓದುವವನಿಗೆ ಅದು ನುಡಿಯ ಅಂತ್ಯ. ಎಡದಿಂದ ಓದಿಕೊಂಡು ಬರುವ ಕನ್ನಡಿಗನಿಗಾದರೋ ಅಂಕೆಯು ಹಿಂದಿನ ಕನ್ನಡ ಪದಕ್ಕೆ ಅಂಟಿದಂತೆ ಕಾಣುತ್ತದೆ. ಮೂಲವಾಕ್ಯಕ್ಕೆ ಕೊಟ್ಟ ಆಧಾರವು ಅನುವಾದಕನ ಪದಕ್ಕೆ ಕೊಟ್ಟದ್ದೆಂಬ ಭ್ರಮೆ ಹುಟ್ಟುತ್ತದೆ. ಹಾಗೆಯೇ ಅರಬಿ ಪದದ ಬೆನ್ನಿಗೆ 255-257 ಎಂದು ಬರೆದ ವಚನಸಂಖ್ಯೆ 257-255 ಎಂದು ತಿರುಗಿ ನಿಲ್ಲುತ್ತದೆ. 2:255 ಎಂಬುದು ಮಾತ್ರ ಕೆಡದೆ ಉಳಿಯುತ್ತದೆ.

ಪರಿಹಾರ ಕಠಿಣವೇನಲ್ಲ. ಟಿಪ್ಪಣಿಯು ಇಡೀ ಕನ್ನಡ ವಾಕ್ಯಕ್ಕೆ ಸಂಬಂಧಿಸಿದ್ದರೆ, ಅರಬಿ ನುಡಿ ಮತ್ತು ಅಂಕೆಯ ನಡುವೆ ಕಣ್ಣಿಗೆ ಕಾಣದ ‘ಎಡದಿಂದ ಬಲಕ್ಕೆ’ ಗುರುತನ್ನು ಇರಿಸಬೇಕು. ಅರಬಿ ನುಡಿಯನ್ನು ಸುತ್ತಲಿನ ಬರಹದಿಂದ ಬೇರ್ಪಡಿಸುವ ಗುರುತುಗಳೂ 2013ರಿಂದ ಯೂನಿಕೋಡ್‌ನಲ್ಲಿವೆ. ಪುಟದ ಕೆಳಗೆ ಕನ್ನಡ ಟಿಪ್ಪಣಿಯು ಎಡದಿಂದಲೂ ಪೂರ್ಣ ಅರಬಿ ಅಥವಾ ಉರ್ದು ಟಿಪ್ಪಣಿಯು ಬಲದಿಂದಲೂ ಆರಂಭವಾಗಲಿ. ಆದರೆ ಅಂಕೆಗಳ ಸರಣಿ ಒಂದೇ ಆಗಿರಲಿ. ಕೊನೆಯದಾಗಿ, ಎರಡೂ ಭಾಷೆ ಬಲ್ಲವರೊಬ್ಬರು ಮುದ್ರಣಕ್ಕೆ ಮುನ್ನ ಪ್ರತಿಯೊಂದು ಅಂಕೆಯನ್ನೂ ಬೆರಳಿಟ್ಟು ನೋಡಲಿ. ಕಾತಿಬನು ಮಾಡುತ್ತಿದ್ದ ಕೆಲಸವಿದು. ಯಂತ್ರ ಬಂದ ಮಾತ್ರಕ್ಕೆ ಆ ಹೊಣೆ ತೀರಿಲ್ಲ.

ನಮ್ಮ ಯುವಕರು ಇಂದು ಊರಿನ ಮಸ್ಜಿದಿನ ಚರಿತ್ರೆಯನ್ನೂ ಮನೆತನದ ಶಜರಾವನ್ನೂ ಮದ್ರಸಾದ ಪಾಠಗಳನ್ನೂ ತಾವೇ ಟೈಪಿಸುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆಧಾರವೆಂಬುದು ಹಿಂದಿನವರು ನಮ್ಮ ಕೈಗಿತ್ತ ಅಮಾನತ್ತು. ಅದನ್ನು ಮುಂದಿನವರಿಗೆ ಒಪ್ಪಿಸುವಾಗ ಮಾತು ಮಾತ್ರವಲ್ಲ, ಅದಕ್ಕೆ ಸಾಕ್ಷಿ ನುಡಿಯುವ ಪುಟ್ಟ ಅಂಕೆಯೂ ತನ್ನ ಸ್ಥಾನದಲ್ಲಿಯೇ ಇರುವಂತೆ ನಾವು ನೋಡಿಕೊಳ್ಳಬೇಕು.