ಹ್ಯಾಮ್ ರೇಡಿಯೋ ಊರಿನಲ್ಲಿ, ಆಪರೇಟರ್ ಮುಂಬೈನಲ್ಲಿ: ರಿಮೋಟ್ ಸ್ಟೇಷನ್ ಸುರಕ್ಷಿತವಾಗಿ ನಡೆಸುವುದು ಹೇಗೆ?

ಮುಂಬೈ, ಪುಣೆ, ಚೆನ್ನೈನಂತಹ ನಗರಗಳ ಅಪಾರ್ಟ್‌ಮೆಂಟ್‌ಗಳಲ್ಲಿರುವ ಹವ್ಯಾಸಿ ರೇಡಿಯೋ ಆಪರೇಟರ್‌ಗಳಿಗೆ ಆಂಟೆನಾವೇ ದೊಡ್ಡ ತಲೆನೋವು. 40 ಮೀಟರ್ ಬ್ಯಾಂಡ್‌ಗೆ ಸಾಮಾನ್ಯ ಡೈಪೋಲ್ ಕಟ್ಟಬೇಕೆಂದರೂ ಸುಮಾರು 20 ಮೀಟರ್ ಉದ್ದದ ತಂತಿ ಬೇಕು. ಹೌಸಿಂಗ್ ಸೊಸೈಟಿ ಟೆರೇಸ್ ಬಿಟ್ಟುಕೊಡುವುದು ಕಷ್ಟ. ಕೊಟ್ಟರೂ ಎಲ್‌ಇಡಿ ದೀಪ, ಚಾರ್ಜರ್, ಲಿಫ್ಟ್ ಮೋಟಾರ್‌ಗಳ ಗದ್ದಲದಲ್ಲಿ ದೂರದ ಕ್ಷೀಣ ದನಿ ಕೇಳಿಸದು.

ಇದಕ್ಕೊಂದು ಪರಿಹಾರ ರಿಮೋಟ್ ಸ್ಟೇಷನ್. ರೇಡಿಯೋ ಮತ್ತು ಆಂಟೆನಾ ಊರಿನ ತೋಟದ ಮನೆಯಲ್ಲಿರುತ್ತವೆ, ಆಪರೇಟರ್ ಇಂಟರ್ನೆಟ್ ಮೂಲಕ ನಗರದಿಂದಲೇ ಅದನ್ನು ನಡೆಸುತ್ತಾರೆ. ಫ್ಲೆಕ್ಸ್‌ರೇಡಿಯೋದ ಸ್ಮಾರ್ಟ್‌ಲಿಂಕ್, ಐಕಾಮ್‌ನ ಆರ್‌ಎಸ್-ಬಿಎ1 ಮುಂತಾದ ಸಾಫ್ಟ್‌ವೇರ್‌ಗಳಿಂದ ಈ ಕೆಲಸ ಈಗ ಸುಲಭ. ಆದರೆ ರೇಡಿಯೋ ಎದುರು ಕುಳಿತವರಿಗೆ ಸುಟ್ಟ ವಾಸನೆ ಬರುತ್ತದೆ, ಗುಡುಗು ಕೇಳುತ್ತದೆ, ಆಂಟೆನಾ ಬಳಿ ಯಾರೋ ನಡೆದು ಹೋಗುವುದು ಕಾಣುತ್ತದೆ. ನೂರಾರು ಕಿಲೋಮೀಟರ್ ದೂರದಲ್ಲಿರುವವರಿಗೆ ಇದಾವುದೂ ಗೊತ್ತಾಗದು. ಹೀಗಾಗಿ ಸುರಕ್ಷತೆಯನ್ನು ಮೊದಲೇ ಸ್ಟೇಷನ್‌ನಲ್ಲೇ ಅಳವಡಿಸಬೇಕು.

ಮೊದಲ ನಿಯಮ: ಸಂಪರ್ಕ ಕಡಿದರೆ ರೇಡಿಯೋ ಮೌನವಾಗಬೇಕು

ನೀವು ಮಾತನಾಡುತ್ತಿರುವಾಗಲೇ ಇಂಟರ್ನೆಟ್ ಕಡಿಯಿತು ಎಂದುಕೊಳ್ಳಿ. 'ಟ್ರಾನ್ಸ್‌ಮಿಟ್ ನಿಲ್ಲಿಸು' ಎಂಬ ಆದೇಶ ರೇಡಿಯೋವನ್ನು ತಲುಪಲೇ ಇಲ್ಲ. ಟ್ರಾನ್ಸ್‌ಮಿಟರ್ ಹಾಗೆಯೇ ಆನ್ ಆಗಿ ಉಳಿದರೆ ಆ ಫ್ರೀಕ್ವೆನ್ಸಿ ಬೇರೆಯವರಿಗೆ ಸಿಗುವುದಿಲ್ಲ, ಉಪಕರಣ ಬಿಸಿಯಾಗಿ ಕೆಡುತ್ತದೆ, ಬೆಂಕಿಯ ಅಪಾಯವೂ ಇದೆ.

ಅಮೆರಿಕದ ಎಫ್‌ಸಿಸಿ ನಿಯಮಾವಳಿಯ 97ನೇ ಭಾಗ ಈ ಬಗ್ಗೆ ಸ್ಪಷ್ಟವಾಗಿದೆ. ನಿಯಂತ್ರಣ ಸಂಪರ್ಕ ಕೈಕೊಟ್ಟರೆ ಪ್ರಸಾರ 3 ನಿಮಿಷಕ್ಕಿಂತ ಹೆಚ್ಚು ಮುಂದುವರಿಯದಂತೆ ವ್ಯವಸ್ಥೆ ಇರಬೇಕು, ಅನಧಿಕೃತ ಪ್ರಸಾರ ಆಗದಂತೆ ರಕ್ಷಣೆ ಇರಬೇಕು, ಲೈಸೆನ್ಸ್‌ದಾರರ ಹೆಸರು, ವಿಳಾಸ, ಫೋನ್ ನಂಬರ್ ಸ್ಟೇಷನ್‌ನಲ್ಲಿ ಎದ್ದು ಕಾಣುವಂತೆ ಅಂಟಿಸಿರಬೇಕು. ಇದು ಅಮೆರಿಕದ ಕಾನೂನೇ ಆದರೂ ಯಾವ ದೇಶದ ರಿಮೋಟ್ ಸ್ಟೇಷನ್‌ಗೂ ಒಳ್ಳೆಯ ಮಾದರಿ.

ಇದಕ್ಕೆ ಮೂರು ಪದರಗಳ ವ್ಯವಸ್ಥೆ ಮಾಡಿಕೊಳ್ಳಿ:

1. ಟೈಮ್‌ಔಟ್ ಟೈಮರ್: ಹಲವು ಟ್ರಾನ್ಸ್‌ಸೀವರ್‌ಗಳ ಮೆನುವಿನಲ್ಲೇ ಇದು ಇರುತ್ತದೆ. 3 ನಿಮಿಷಕ್ಕೆ ಹೊಂದಿಸಿ.

2. ವಾಚ್‌ಡಾಗ್: ನಿಮ್ಮ ಕಂಪ್ಯೂಟರ್‌ನಿಂದ ಕೆಲವು ಸೆಕೆಂಡ್‌ಗೊಮ್ಮೆ 'ನಾನಿದ್ದೇನೆ' ಎಂಬ ಸಂಕೇತ ಸ್ಟೇಷನ್‌ಗೆ ಹೋಗುತ್ತಿರಬೇಕು. ಅದು ನಿಂತ ಕೂಡಲೇ ರೇಡಿಯೋದ ವಿದ್ಯುತ್ ಕಡಿತವಾಗಬೇಕು. ಇಲ್ಲಿ ಬಳಸುವ ರಿಲೇ ವಿದ್ಯುತ್ ಇಲ್ಲದಾಗ ತಾನಾಗಿಯೇ ಆಫ್ ಆಗುವ ಬಗೆಯದ್ದಾಗಿರಬೇಕು.

3. ಪ್ರತ್ಯೇಕ ದಾರಿಯ ಸ್ವಿಚ್: ತೋಟದ ಪಂಪ್‌ಸೆಟ್‌ಗೆ ರೈತರು ಬಳಸುವ ಮೊಬೈಲ್ ಸ್ಟಾರ್ಟರ್ ಗೊತ್ತಲ್ಲ? ಅದೇ ತತ್ವದ ಜಿಎಸ್‌ಎಂ ಸ್ವಿಚ್‌ನಿಂದ ಒಂದು ಎಸ್‌ಎಂಎಸ್ ಕಳುಹಿಸಿ ರೇಡಿಯೋ ಆಫ್ ಮಾಡಬಹುದು. ಇದರ ಸಿಮ್ ನಿಮ್ಮ ಇಂಟರ್ನೆಟ್ ಕಂಪನಿಯದ್ದಲ್ಲದೆ ಬೇರೆಯದ್ದಾಗಿರಲಿ.

ಕರೆಂಟ್ ಹೋದಾಗ ಏನಾಗುತ್ತದೆ?

ಹಳ್ಳಿಯಲ್ಲಿ ಕರೆಂಟ್ ಹೋಗುವುದು ಮಾಮೂಲು. ರೇಡಿಯೋಗೆ ಬ್ಯಾಟರಿ ಇದ್ದು, ರೂಟರ್‌ಗೆ ಇಲ್ಲದಿದ್ದರೆ ರೇಡಿಯೋ ಆನ್ ಆಗಿಯೇ ಇರುತ್ತದೆ, ನಿಯಂತ್ರಣ ಮಾತ್ರ ಹೋಗಿರುತ್ತದೆ. ಇದು ಅತ್ಯಂತ ಕೆಟ್ಟ ಸ್ಥಿತಿ. ಹೀಗಾಗಿ ರೂಟರ್, ಫೈಬರ್ ಮೋಡೆಮ್ ಎರಡಕ್ಕೂ ಬ್ಯಾಟರಿ ಬೇಕು. ಕರೆಂಟ್ ಮರಳಿದಾಗ ರೇಡಿಯೋ ತಾನಾಗಿ ಆನ್ ಆಗಬಾರದು, ನೀವು ಆದೇಶ ಕೊಟ್ಟ ಮೇಲಷ್ಟೇ ಆಗಬೇಕು.

100 ವ್ಯಾಟ್ ರೇಡಿಯೋ ಪೂರ್ಣ ಶಕ್ತಿಯಲ್ಲಿ 13.8 ವೋಲ್ಟ್‌ನಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ. ತೆಳು ವೈರ್, ಸಡಿಲ ಜೋಡಣೆ ಬಿಸಿಯಾಗಲು ಇಷ್ಟು ಸಾಕು. ದಪ್ಪ ವೈರ್, ಬ್ಯಾಟರಿಯ ಹತ್ತಿರವೇ ಫ್ಯೂಸ್, ಸುತ್ತ ಗಾಳಿಯಾಡುವ ಜಾಗ, ತಾಪಮಾನ ತಿಳಿಸುವ ಸೆನ್ಸರ್ ಇರಲಿ. ಒಂದು ಕ್ಯಾಮೆರಾ ಕೂಡ ಅಳವಡಿಸಿ. ಎಸ್‌ಡಬ್ಲ್ಯೂಆರ್ ಏಕಾಏಕಿ ಏರಿದರೆ ತಂತಿ ಹರಿದಿರಬಹುದು ಅಥವಾ ಕೊಂಬೆ ತಾಗಿರಬಹುದು. ಕಾರಣ ತಿಳಿಯುವ ತನಕ ಟ್ರಾನ್ಸ್‌ಮಿಟ್ ಮಾಡಬೇಡಿ.

ಆಂಟೆನಾ ಬಳಿ ಯಾರಿದ್ದಾರೆ?

ಡೈಪೋಲ್ ತಂತಿಯ ತುದಿಯಲ್ಲಿ ಪ್ರಸಾರದ ವೇಳೆ ನೂರಾರು ವೋಲ್ಟ್ ಇರುತ್ತದೆ. ಮುಟ್ಟಿದರೆ ಚರ್ಮ ಸುಡುತ್ತದೆ. ಮಲೆನಾಡಿನ ಅಡಿಕೆ ತೋಟವನ್ನೇ ನೋಡಿ. ಕೊನೆ ಕೊಯ್ಯಲು, ಔಷಧಿ ಸಿಂಪಡಿಸಲು ಉದ್ದದ ದೋಟಿ ಹಿಡಿದು ಕೆಲಸಗಾರರು ಬರುತ್ತಾರೆ. ಅಲ್ಯೂಮಿನಿಯಂ ದೋಟಿ ಆಂಟೆನಾಗೆ ತಾಗಿದ ಕ್ಷಣದಲ್ಲೇ ನೀವು ಮುಂಬೈನಲ್ಲಿ ಬಟನ್ ಒತ್ತಿದರೆ?

ತಂತಿಯ ತುದಿಗಳು ಕೈಗೆ ಎಟುಕದ ಎತ್ತರದಲ್ಲಿರಲಿ. ವಿದ್ಯುತ್ ಲೈನ್‌ನ ಮೇಲಾಗಲಿ ಕೆಳಗಾಗಲಿ ಆಂಟೆನಾ ಹಾಯಬಾರದು. ಹರಿದು ಬಿದ್ದರೂ ಲೈನ್‌ಗೆ ತಾಗದಷ್ಟು ಅಂತರ ಬೇಕು. ಮನೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಒಂದು ದೊಡ್ಡ ಮೇನ್ ಸ್ವಿಚ್ ಇಡಿ, ಅದರ ಮೇಲೆ 'ರೇಡಿಯೋ ಬಂದ್' ಎಂದು ಕನ್ನಡದಲ್ಲೇ ಬರೆಯಿರಿ. ತೋಟದಲ್ಲಿ ಕೆಲಸವಿರುವ ದಿನ ಮನೆಯವರು ಅದನ್ನು ಆಫ್ ಮಾಡಲಿ. ಅದು ಆಫ್ ಆಗಿದ್ದಾಗ ದೂರದಿಂದ ಯಾರೂ ರೇಡಿಯೋ ಆನ್ ಮಾಡುವಂತಿರಬಾರದು. ಮನೆಯಲ್ಲಿ ಇರುವವರ ಸ್ವಿಚ್‌ಗೇ ಕೊನೆಯ ಮಾತು.

ಸಿಡಿಲಿಗೆ ರಿಲೇ ಸಾಲದು

ಕರ್ನಾಟಕದಲ್ಲಿ ಏಪ್ರಿಲ್, ಮೇ ಎಂದರೆ ಗುಡುಗು ಸಿಡಿಲಿನ ಕಾಲ. ರಿಮೋಟ್ ರಿಲೇಯಿಂದ ಆಂಟೆನಾ ಬೇರ್ಪಡಿಸಿದರೆ ಸಾಕು ಎಂಬ ನಂಬಿಕೆ ತಪ್ಪು. ರಿಲೇಯ ಒಳಗಿನ ಅಂತರ ಕೆಲವೇ ಮಿಲಿಮೀಟರ್, ಸಿಡಿಲು ಮೋಡದಿಂದ ನೆಲದವರೆಗೆ ಹಾರಿ ಬಂದಿರುತ್ತದೆ. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲೇ ಗ್ಯಾಸ್ ಟ್ಯೂಬ್ ಅರೆಸ್ಟರ್, ಒಳ್ಳೆಯ ಅರ್ಥಿಂಗ್ ಇರಬೇಕು. ಮನೆಯ ವಿದ್ಯುತ್ ಅರ್ಥ್, ಆಂಟೆನಾ ಅರ್ಥ್ ಎರಡನ್ನೂ ಜೋಡಿಸಿರಬೇಕು. ಇವು ಹಾನಿಯನ್ನು ಕಡಿಮೆ ಮಾಡುತ್ತವೆಯೇ ಹೊರತು ನೇರ ಹೊಡೆತ ತಡೆಯುತ್ತವೆ ಎಂಬ ಖಾತ್ರಿ ಇಲ್ಲ.

ಸಿಡಿಲಿನ ತಿಂಗಳುಗಳಲ್ಲಿ ಕೇಬಲ್ ಬಿಚ್ಚಿ ಮನೆಯ ಹೊರಗೇ ಇಡುವುದು ಉತ್ತಮ. ಆಕಾಶ ತಿಳಿಯಾಗಿದ್ದಾಗ ಮಾತ್ರ ಜೋಡಿಸಲಿ. ಮುನ್ಸೂಚನೆಗೆ ಪುಣೆಯ ಐಐಟಿಎಂ ಅಭಿವೃದ್ಧಿಪಡಿಸಿದ 'ದಾಮಿನಿ' ಆ್ಯಪ್ ಇದೆ. ಗುಡುಗು ಶುರುವಾದ ಮೇಲೆ ಊರಿಗೆ ಫೋನ್ ಮಾಡಿ 'ಅಪ್ಪಾ, ಆ ಕೇಬಲ್ ಬಿಚ್ಚಿ' ಎಂದು ಮಾತ್ರ ಹೇಳಬೇಡಿ. ಆ ಹೊತ್ತಿನಲ್ಲಿ ಕೇಬಲ್ ಮುಟ್ಟುವುದು ಪ್ರಾಣಕ್ಕೇ ಅಪಾಯ. ರೇಡಿಯೋ ಹೋದರೆ ಇನ್ನೊಂದು ಕೊಳ್ಳಬಹುದು.

ಬೇರೆಯವರು ನುಸುಳದಂತೆ ಬೀಗ ಹಾಕಿ

ನಿಮ್ಮ ಸ್ಟೇಷನ್‌ಗೆ ನುಸುಳಿದವರು ನಿಮ್ಮ ಕಾಲ್‌ಸೈನ್‌ನಲ್ಲೇ ಪ್ರಸಾರ ಮಾಡಬಹುದು. ರೂಟರ್‌ನಲ್ಲಿ ಪೋರ್ಟ್ ತೆರೆದು ರೇಡಿಯೋವನ್ನು ನೇರವಾಗಿ ಇಂಟರ್ನೆಟ್‌ಗೆ ಒಡ್ಡಬೇಡಿ. ವೈರ್‌ಗಾರ್ಡ್‌ನಂತಹ ವಿಪಿಎನ್ ಬಳಸಿ. ಉಪಕರಣಗಳ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ. ರೂಟರ್, ಕ್ಯಾಮೆರಾ, ಸ್ಮಾರ್ಟ್ ಪ್ಲಗ್‌ಗಳ ಸಾಫ್ಟ್‌ವೇರ್ ಆಗಾಗ ಅಪ್‌ಡೇಟ್ ಮಾಡಿ.

ಲೈಸೆನ್ಸ್ ವಿಚಾರ

ಭಾರತದಲ್ಲಿ ಹವ್ಯಾಸಿ ರೇಡಿಯೋ ಲೈಸೆನ್ಸ್ ಕೊಡುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ. ಜನರಲ್, ರಿಸ್ಟ್ರಿಕ್ಟೆಡ್ ಎಂಬ ಎರಡು ದರ್ಜೆಗಳಿವೆ. ಅರ್ಜಿ ಸಲ್ಲಿಸುವುದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಲೈಸೆನ್ಸ್‌ನಲ್ಲಿ ಸ್ಟೇಷನ್‌ನ ವಿಳಾಸವೂ ಇರುತ್ತದೆ. ಹೀಗಾಗಿ ಊರಿನಲ್ಲಿ ಸ್ಟೇಷನ್ ಹಾಕುವ ಮೊದಲು ಆ ವಿಳಾಸ, ರಿಮೋಟ್ ನಿಯಂತ್ರಣದ ವಿವರ ಎರಡನ್ನೂ ತಿಳಿಸಿ ಡಬ್ಲ್ಯೂಪಿಸಿಯಿಂದ ಲಿಖಿತ ಉತ್ತರ ಪಡೆಯಿರಿ. ಲೈಸೆನ್ಸ್ ಇಲ್ಲದ ಮನೆಯವರು ಮೈಕ್ ಹಿಡಿಯುವಂತಿಲ್ಲ. ವಿದೇಶದಲ್ಲಿರುವ ಸ್ಟೇಷನ್ ಅನ್ನು ಇಲ್ಲಿಂದ ನಡೆಸುವುದಾದರೆ ಟ್ರಾನ್ಸ್‌ಮಿಟರ್ ಇರುವ ದೇಶದ ಕಾನೂನನ್ನೂ ಪಾಲಿಸಬೇಕು.

ಊರು ಬಿಡುವ ಮುನ್ನ ಈ ಪರೀಕ್ಷೆ ಮಾಡಿ

* ಆಂಟೆನಾ ಬದಲು ಡಮ್ಮಿ ಲೋಡ್ ಜೋಡಿಸಿ, ಕಡಿಮೆ ಶಕ್ತಿಯಲ್ಲಿ ಟ್ರಾನ್ಸ್‌ಮಿಟ್ ಮಾಡುತ್ತಿರುವಾಗಲೇ ರೂಟರ್ ಪ್ಲಗ್ ಕಿತ್ತುಹಾಕಿ. ರೇಡಿಯೋ ಎಷ್ಟು ಸೆಕೆಂಡ್‌ನಲ್ಲಿ ನಿಂತಿತು ನೋಡಿ.
* ಕಂಪ್ಯೂಟರ್ ಹ್ಯಾಂಗ್ ಆದರೆ ಏನಾಗುತ್ತದೆ ಎಂದು ಪರೀಕ್ಷಿಸಿ.
* ಮೇನ್ ಸ್ವಿಚ್ ಆಫ್ ಮಾಡಿ, ಮತ್ತೆ ಆನ್ ಮಾಡಿ. ರೇಡಿಯೋ ತಾನಾಗಿ ಎದ್ದರೆ ವ್ಯವಸ್ಥೆ ಸರಿಯಿಲ್ಲ.
* ಎಸ್‌ಎಂಎಸ್ ಸ್ವಿಚ್ ಕೆಲಸ ಮಾಡುತ್ತದೆಯೇ ನೋಡಿ. ತಿಂಗಳಿಗೊಮ್ಮೆ ಇದನ್ನು ಮತ್ತೆ ಪರೀಕ್ಷಿಸಿ.
* ನಿಮ್ಮ ಹೆಸರು, ಕಾಲ್‌ಸೈನ್, ಫೋನ್ ನಂಬರ್, ಜೊತೆಗೆ ಹತ್ತಿರದಲ್ಲೇ ಇರುವ ಇನ್ನೊಬ್ಬ ಹ್ಯಾಮ್‌ನ ನಂಬರ್ ಬರೆದು ರೇಡಿಯೋ ಪಕ್ಕ ಅಂಟಿಸಿ.

ಇವುಗಳಲ್ಲಿ ಒಂದು ವಿಫಲವಾದರೂ ಆಂಟೆನಾ ಜೋಡಿಸಬೇಡಿ. ಎಲ್ಲವೂ ಸರಿಯಾದ ಮೇಲಷ್ಟೇ ನಗರದ ಬಸ್ಸು ಹತ್ತಿ.