ಅದಮಾರಿನ ರಾವ್, ಸೂರ್ಯನ ಗಾಳಿ, ಭೂಮಿಯ ಬಾಲ

ಯು. ಆರ್. ರಾವ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಪೀಣ್ಯದ ಶೆಡ್ಡುಗಳು, 1975ರ ಆರ್ಯಭಟ, ಹಳೇ ಎರಡು ರೂಪಾಯಿ ನೋಟು. ಉಡುಪಿ ಹತ್ತಿರದ ಅದಮಾರಿನ ಈ ಹಿರಿಯರು ಅದಕ್ಕೂ 12 ವರ್ಷ ಮುಂಚೆ ಮಾಡಿದ್ದ ಕೆಲಸವೊಂದನ್ನು ಇಲ್ಲಿ ಹೇಳಬೇಕೆನಿಸಿತು.

1962ರ ಆಗಸ್ಟ್‌ನಲ್ಲಿ ಶುಕ್ರನತ್ತ ಹೊರಟ ಮ್ಯಾರಿನರ್-2 ನೌಕೆ ದಾರಿಯುದ್ದಕ್ಕೂ ಸೌರಮಾರುತದ ವೇಗ ಅಳೆಯಿತು. ಗಾಳಿ ನಿಲ್ಲಲೇ ಇಲ್ಲ! ಸ್ನೈಡರ್, ನ್ಯೂಗೆಬಾವರ್ ಜೊತೆ ಸೇರಿ ರಾವ್ 1963ರಲ್ಲಿ ಆ ವೇಗವನ್ನು ಭೂಮಿಯ ಕಾಂತಕ್ಷೇತ್ರದ ಏರುಪೇರಿನ ಜೊತೆ ತಾಳೆ ನೋಡಿದರು. ಏರುಪೇರಿನ ಅಳತೆಗೆ 'ಕೆಪಿ' ಅಂತಾರೆ, ಮೂರು ಗಂಟೆಗೊಂದರಂತೆ ದಿನಕ್ಕೆ ಎಂಟು ಅಂಕಿ. ಎಂಟನ್ನೂ ಕೂಡಿ, 8.44ರಿಂದ ಗುಣಿಸಿ, 330 ಸೇರಿಸಿ. ಆ ದಿನದ ಗಾಳಿಯ ವೇಗ ಸೆಕೆಂಡಿಗೆ ಹೆಚ್ಚುಕಮ್ಮಿ ಅಷ್ಟು ಕಿ.ಮೀ. ಮೊತ್ತ 20 ಆದರೆ ವೇಗ ಸುಮಾರು 499.

ಸಂಬಂಧವೇನೋ ಸಿಕ್ತು, ಕಾರಣ? ಅದನ್ನು 1961ರಲ್ಲೇ ಬ್ರಿಟನ್ನಿನ ಜೇಮ್ಸ್ ಡಂಜಿ ಬರೆದಿಟ್ಟಿದ್ದರು. ಗಾಳಿ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ ಭೂಮಿಯ ಬಲರೇಖೆಗಳು ಕಡಿದು ಅದರ ಜೊತೆ ಕೂಡಿಕೊಳ್ಳುತ್ತವೆ. ಗಾಳಿ ಅವನ್ನು ರಾತ್ರಿಯ ಕಡೆಗೆ ಎಳೆದೊಯ್ದು ಬಾಲಕ್ಕೆ ಸೇರಿಸುತ್ತದೆ. ಬಾಲದಲ್ಲಿ ಎದುರುಬದುರು ರೇಖೆಗಳು ಮತ್ತೆ ಕೂಡಿದಾಗ ಕೂಡಿಟ್ಟ ಶಕ್ತಿ ಸಿಡಿಯುತ್ತದೆ, ಧ್ರುವಗಳ ಬಳಿ ಆಗಸ ಬೆಳಗುತ್ತದೆ. ಅಂದರೆ ವೇಗದಷ್ಟೇ ದಿಕ್ಕೂ ಮುಖ್ಯ.

ಕೋಡ್ ಬರೆಯುವ ನಮ್ಮಂಥವರಿಗೆ ಇಷ್ಟವಾಗೋದು ಮುಂದಿನ ಕಥೆ :) ಈ ಕೂಡಿಕೆ ಇಷ್ಟು ಬೇಗ ಹೇಗಾಗುತ್ತೆ ಅನ್ನೋದೇ ಬಗೆಹರಿದಿರಲಿಲ್ಲ. ಬೇರೆ ಬೇರೆ ತಂಡಗಳು ಒಂದೇ ಲೆಕ್ಕವನ್ನು ತಮ್ಮ ತಮ್ಮ ಪ್ರೋಗ್ರಾಂಗಳಲ್ಲಿ ಓಡಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದವು. 'ಜೆಮ್ ಚಾಲೆಂಜ್' ಅಂತ ಅದರ ಹೆಸರು. ಪ್ಲಾಸ್ಮಾವನ್ನು ಎಲ್ಲೆಡೆ ಒಂದೇ ರೋಧವಿರುವ ಒಂದೇ ದ್ರವ ಅಂದುಕೊಂಡ ಪ್ರೋಗ್ರಾಂನಲ್ಲಿ ಕೂಡಿಕೆ ಆಮೆನಡಿಗೆ. ಅಯಾನು, ಎಲೆಕ್ಟ್ರಾನುಗಳನ್ನು ಬೇರೆ ಬೇರೆಯಾಗಿ ಚಲಿಸಲು ಬಿಟ್ಟವುಗಳಲ್ಲಿ ವೇಗ ಜಾಸ್ತಿ, ಎಲ್ಲದರಲ್ಲೂ ಬಹುತೇಕ ಒಂದೇ!

ನಾಸಾದ ಎಂಎಂಎಸ್ ನೌಕೆಗಳು 2017ರ ಜುಲೈ 11ರಂದು ಬಾಲದಲ್ಲಿ ಅಂಥ ಕೂಡಿಕೆಯ ನಡುವೆಯೇ ಹಾದು ಅಳತೆ ತೆಗೆದವು. ಅದೇ ತಿಂಗಳ 24ರಂದು ರಾವ್ ಬೆಂಗಳೂರಿನಲ್ಲಿ ತೀರಿಕೊಂಡರು.

ಜಯನಗರದ ತಾರಸಿಯಿಂದ ಧ್ರುವಪ್ರಭೆ ಕಾಣಲ್ಲ, ನಿಜ. ಆದರೆ 2022ರ ಫೆಬ್ರವರಿಯಲ್ಲಿ ಅಷ್ಟೇನೂ ದೊಡ್ಡದಲ್ಲದ ಕಾಂತ ಬಿರುಗಾಳಿಗೇ ಸ್ಟಾರ್‌ಲಿಂಕ್‌ನ 38 ಉಪಗ್ರಹಗಳು ಬಿದ್ದುಹೋದವು. 2023ರಲ್ಲಿ ಹಾರಿದ ನಮ್ಮ ಆದಿತ್ಯ-ಎಲ್1 ಗಾಳಿಯ ವೇಗ, ಕಾಂತಕ್ಷೇತ್ರದ ದಿಕ್ಕು ಎರಡನ್ನೂ ಅಳೆಯಬಲ್ಲದು. ರಾವ್ ಆಗ ಹಿಡಿದದ್ದು ಈ ಜೋಡಿಯ ಮೊದಲರ್ಧ. ನೋಟಿನ ಮೇಲಿದ್ದ ಆರ್ಯಭಟದ ಪಕ್ಕದಲ್ಲಿ ಆ 330, 8.44ಕ್ಕೂ ಒಂಚೂರು ಜಾಗ ಇರಲಿ. ಏನಂತೀರಿ?