ಹಾರ್ಲೆಮಿನ ‘ಮನೆ’ಗಳು

ಸಂಗೀತ ಕೇಳುವ ಅಭ್ಯಾಸವುಳ್ಳವರಿಗೆ ‘ಘರಾಣೆ’ ಎಂಬ ಮಾತು ಹೊಸದಲ್ಲ. ಮನೆ ಎಂಬ ಅರ್ಥದಿಂದ ಹೊರಟ ಆ ಪದ, ವಿದ್ಯೆಯೊಂದು ಗುರುವಿನಿಂದ ಶಿಷ್ಯನಿಗೆ ಇಳಿದುಬರುವ ಪರಂಪರೆಗೆ ಹೆಸರಾಯಿತು. ನ್ಯೂಯಾರ್ಕ್ ನಗರದ ಹಾರ್ಲೆಮ್ ಪ್ರದೇಶದಲ್ಲಿಯೂ ಇಂಥ ‘ಮನೆ’ಗಳು ಹುಟ್ಟಿಕೊಂಡವು. ಆದರೆ ಅಲ್ಲಿ ವಿದ್ಯೆಗಿಂತ ಮೊದಲು ಬೇಕಾಗಿದ್ದುದು ಆಸರೆ.

ಈ ಕಥೆಯ ಮೂಲ 1869ರಷ್ಟು ಹಿಂದಿನದು. ಆ ವರ್ಷ ಹ್ಯಾಮಿಲ್ಟನ್ ಲಾಡ್ಜ್ ಎಂಬ ಕಪ್ಪು ಜನರ ಸಂಘವು ವೇಷಧಾರಿಗಳ ನೃತ್ಯಕೂಟವೊಂದನ್ನು, ಅಂದರೆ ‘ಬಾಲ್’ ಒಂದನ್ನು ಏರ್ಪಡಿಸಿತು. ಕಾಲಕ್ರಮದಲ್ಲಿ ಗಂಡಸರು ಹೆಣ್ಣುಡುಗೆ ತೊಟ್ಟು ಮೆರೆಯುವುದೇ ಅದರ ಮುಖ್ಯ ಆಕರ್ಷಣೆಯಾಯಿತು. 1920ರ ದಶಕದಲ್ಲಿ ಕರಿಯರು ಬಿಳಿಯರೆನ್ನದೆ ಸಾವಿರಾರು ಮಂದಿ ಅದನ್ನು ನೋಡಲು ನೆರೆಯುತ್ತಿದ್ದರು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1940ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಈ ಕೂಟಗಳನ್ನು ವರ್ಣಿಸಿದ್ದಾರೆ.

ನೋಡಲು ಎಲ್ಲರೂ ಸೇರಿದರೂ ಬಹುಮಾನ ಹಂಚುವಾಗ ಮೈಬಣ್ಣ ಅಡ್ಡಬರುತ್ತದೆಂಬ ಅಸಮಾಧಾನ ಕಪ್ಪು ಸ್ಪರ್ಧಿಗಳಲ್ಲಿ ಬೆಳೆಯಿತು. 1967ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಇಂಥ ಸೌಂದರ್ಯಸ್ಪರ್ಧೆಯೊಂದರಲ್ಲಿ ಕಿರೀಟ ಬಿಳಿಯ ಸ್ಪರ್ಧಿಗೆ ಸಂದಾಗ, ಕ್ರಿಸ್ಟಲ್ ಲಬೇಜಾ ಎಂಬಾಕೆ ತೀರ್ಪನ್ನು ಧಿಕ್ಕರಿಸಿ ವೇದಿಕೆಯಿಂದ ಹೊರನಡೆದಳು. ಆಕೆಯ ಕೋಪದ ಮಾತುಗಳು 1968ರ ‘ದಿ ಕ್ವೀನ್’ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿವೆ. 1972ರ ಸುಮಾರಿಗೆ ಆಕೆ ಮತ್ತು ಗೆಳತಿ ಲಾಟಿ ಸೇರಿ ಕಪ್ಪು ಸ್ಪರ್ಧಿಗಳಿಗಾಗಿಯೇ ಬಾಲ್ ನಡೆಸಿ, ‘ಹೌಸ್ ಆಫ್ ಲಬೇಜಾ’ ಎಂಬ ಮನೆಯನ್ನು ಕಟ್ಟಿದರು. ಬೇರೆ ಮನೆಗಳೂ ಹಿಂಬಾಲಿಸಿದವು. 1982ರಲ್ಲಿ ಲ್ಯಾಟಿನ್ ಅಮೆರಿಕ ಮೂಲದ ತರುಣರ ‘ಎಕ್ಸ್‌ಟ್ರಾವಗಾಂಜಾ’ ಹುಟ್ಟಿತು.

ಮನೆಗೊಬ್ಬ ತಾಯಿ, ಹಲವೆಡೆ ತಂದೆಯೂ ಉಂಟು. ಹೆತ್ತವರೇ ಹೊರಗೆ ಹಾಕಿದ ಸಲಿಂಗಪ್ರೇಮಿ ಹಾಗೂ ಲಿಂಗಾಂತರಿ ಮಕ್ಕಳು ಇಲ್ಲಿ ಬಂದು ಸೇರಿ, ಮನೆಯ ಹೆಸರನ್ನೇ ತಮ್ಮ ಹೆಸರಿನೊಡನೆ ಇಟ್ಟುಕೊಳ್ಳುತ್ತಿದ್ದರು. ಬಾಲ್ ನಡೆಯುವ ರಾತ್ರಿ ಮನೆಮನೆಗಳ ನಡುವೆ ಸ್ಪರ್ಧೆ. ಅದರಲ್ಲಿ ‘ರಿಯಲ್‌ನೆಸ್’ ಎಂಬುದೊಂದು ವಿಭಾಗ. ಕಚೇರಿಯ ಅಧಿಕಾರಿಯಂತೆಯೋ, ಶಾಲೆಯ ಹುಡುಗನಂತೆಯೋ ಯಾರಿಗೂ ಸಂಶಯ ಬಾರದಂತೆ ನಡೆದು ತೋರಿಸಬೇಕು. ಬೀದಿಯಲ್ಲಿ ಗುರುತು ಸಿಕ್ಕರೆ ಏಟು ಬೀಳುವ ಭಯವಿದ್ದವರಿಗೆ ಇದು ಬರಿಯ ಆಟವಾಗಿರಲಿಲ್ಲ. ಸುರಕ್ಷಿತವಾಗಿ ಮನೆ ಸೇರುವ ಪಾಠವೂ ಆಗಿತ್ತು.

‘ವೋಗ್’ ಪತ್ರಿಕೆಯ ರೂಪದರ್ಶಿಗಳ ಭಂಗಿಗಳಿಂದ ಹೆಸರು ಪಡೆದ ನೃತ್ಯವೂ ಈ ಕೂಟಗಳಲ್ಲೇ ಬೆಳೆಯಿತು. ಎದುರಾಳಿಯನ್ನು ಮುಟ್ಟದೆ, ಕೈಬೀಸಿನಲ್ಲಿ, ಮೈಬಳುಕಿನಲ್ಲಿ ಸೋಲಿಸುವುದು ಇದರ ಕ್ರಮ. ವಿಲ್ಲಿ ನಿಂಜಾ ಇದಕ್ಕೆ ಶಾಸ್ತ್ರೀಯವೆನ್ನಬಹುದಾದ ಅಚ್ಚುಕಟ್ಟನ್ನು ತಂದರು.

1980ರ ದಶಕದಲ್ಲಿ ಏಡ್ಸ್ ರೋಗವು ಈ ಮನೆಗಳಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿತು. ಅದೇ ವೇಳೆಗೆ ಹೊರಜಗತ್ತಿನ ಕಣ್ಣೂ ಇತ್ತ ತಿರುಗಿತು. 1990ರಲ್ಲಿ ಮಡೋನಾಳ ‘ವೋಗ್’ ಹಾಡು ಹೊರಬಂತು; ಜೆನ್ನಿ ಲಿವಿಂಗ್‌ಸ್ಟನ್ನರ ‘ಪ್ಯಾರಿಸ್ ಈಸ್ ಬರ್ನಿಂಗ್’ ಚಿತ್ರವೂ ಅದೇ ವರ್ಷದ್ದು. ನಿಂಜಾ 2006ರಲ್ಲಿ ತೀರಿಕೊಂಡರು. ಅವರ ನೃತ್ಯವನ್ನು ಇಂದು ಪ್ಯಾರಿಸ್, ಟೋಕಿಯೋ ನಗರಗಳ ತರುಣರೂ ಕಲಿಯುತ್ತಾರೆ. ಆ ಭಂಗಿಗಳನ್ನು ಮೆಚ್ಚುವವರು, ಅವನ್ನು ರೂಪಿಸಿದ ಮಕ್ಕಳಿಗೆ ತಮ್ಮ ಮನೆಯ ಬಾಗಿಲು ಮುಚ್ಚಿತ್ತೆಂಬುದನ್ನೂ ನೆನೆಯುವುದು ಉಚಿತ.